ನಮ್ಮೂರಿನ ಓಟಗಾರರ ಹೆಸರು ಬರೆದಿಟ್ಟವರು ಯಾರು?

ನಮ್ಮ ಮೊಹಲ್ಲಾದಲ್ಲಿ ಒಬ್ಬರು ಕಾಕ ಇದ್ದಾರೆ. ಪ್ರಾಯ ಎಂಬತ್ತರ ಹತ್ತಿರ. ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಊರುಗೋಲು ಹಿಡಿದು ನಿಧಾನಕ್ಕೆ ಮನೆಗೆ ಹೋಗುವವರು. ಕಳೆದ ಮಳೆಗಾಲದಲ್ಲಿ ಅವರಿಗೆ ಜ್ವರ ಎಂದು ಕೇಳಿ ನೋಡಿ ಬರಲು ಹೋಗಿದ್ದೆವು. ಚಾ ಬಂತು. ನಮ್ಮ ಜುಬ್ಬದ ಗುಂಡಿ ಕಿತ್ತುಹೋದದ್ದನ್ನು ಕಂಡು ಕಾಕನ ಮನೆಯವರು ಮೊಮ್ಮಗನ ಕೈಯಲ್ಲಿ ಒಂದು ಸೇಫ್ಟಿ ಪಿನ್ ಕಳುಹಿಸಿದರು. ಮಗು ಪಿನ್ನಿನ ಜೊತೆ ಪಾತ್ರೆಯನ್ನೇ ತಂದಿತ್ತು. ನೋಡಿದರೆ ಅದು ಎರಡು ಕಿವಿಗಳಿರುವ ಹಿತ್ತಾಳೆಯ ಕಪ್.

‘ಇದೆಂತ ಕಾಕ, ಬಹುಮಾನದ್ದಾ?’

‘ಹೌದು ಉಸ್ತಾದೇ. ಓಟದ್ದು. ಹೈಸ್ಕೂಲಿನಲ್ಲಿ ಇರುವಾಗ ಮಂಗಳೂರು ನೆಹರೂ ಮೈದಾನದಲ್ಲಿ ಸಿಕ್ಕಿದ್ದು. ಅರ್ಧ ಮೈಲಿ. ಆಗ ಮೀಟರ್ ಅಂತ ಯಾರು ಹೇಳ್ತಾರೆ?’

ಕಪ್ಪಿನ ಮೈಮೇಲೆ ಏನೋ ಕೆತ್ತಿದ ಗುರುತು ಉಂಟು, ಓದಲು ಬರುವುದಿಲ್ಲ. ಅರುವತ್ತು ವರ್ಷ ಪ್ರತೀ ಪೆರ್ನಾಲಿನ ಮೊದಲು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ಹೆಸರೂ ಹೋಗಿದೆ, ಇಸವಿಯೂ ಹೋಗಿದೆ. ಸರ್ಟಿಫಿಕೇಟ್ ಇದ್ದದ್ದು ಟ್ರಂಕಿನಲ್ಲಿ. ಅದನ್ನು ಗೆದ್ದಲು ತಿಂದು, ಟ್ರಂಕ್ ಗುಜರಿಗೆ ಹೋಯಿತು. ಎಷ್ಟು ನಿಮಿಷದಲ್ಲಿ ಓಡಿದಿರಿ ಎಂದು ಕೇಳಿದೆವು. ‘ವಾಚ್ ಇದ್ದದ್ದು ಮಾಸ್ಟ್ರ ಕೈಯಲ್ಲಿ. ನಮಗೆ ಯಾರು ಹೇಳ್ತಾರೆ?’ ಎಂದರು. ಆದರೆ ಎರಡನೇ ಬಂದ ಹುಡುಗನ ಹೆಸರು, ಅವನ ಊರು, ಕೊನೆಯ ತಿರುವಿನಲ್ಲಿ ಅವನು ಎಡಗಡೆಯಿಂದ ನುಗ್ಗಿ ಬಂದದ್ದು, ಇಬ್ಬರೂ ಬರಿಗಾಲಲ್ಲಿ ಇದ್ದದ್ದು, ಎಲ್ಲವನ್ನೂ ನಿನ್ನೆ ನಡೆದ ಹಾಗೆ ಹೇಳಿದರು. ಹತ್ತನೇ ಮುಗಿಸಿದ ಮೇಲೆ ಬಂದರಿನ ಅಂಗಡಿಗೆ ಲೆಕ್ಕ ಬರೆಯಲು ಹೋದರಂತೆ. ಮತ್ತೆ ಓಡಲಿಲ್ಲ.

ಇಪ್ಪತ್ತು ವರ್ಷದಿಂದ ಅವರ ಜೊತೆ ಒಂದೇ ಸಫ್ಫಿನಲ್ಲಿ ನಿಲ್ಲುತ್ತಿದ್ದೇವೆ. ಅವರು ಓಡಿದವರು ಎಂದು ನಮಗೆ ಗೊತ್ತಿರಲಿಲ್ಲ.

ಆ ರಾತ್ರಿ ಮನೆಗೆ ನಡೆದು ಬರುವಾಗ ನಮಗೆ ನೆನಪಾದದ್ದು ಬೇರೆ ಒಂದು ವಿಷಯ. ಹೇಳಲು ನಾಚಿಕೆ, ಆದರೂ ಹೇಳುತ್ತೇವೆ. ಕೆಲವು ವರ್ಷ ಹಿಂದೆ ನಮ್ಮ ಮದ್ರಸದಲ್ಲಿ ಏಳನೇ ತರಗತಿಯ ಒಬ್ಬ ಹುಡುಗ ಇದ್ದ. ಬೆಳಿಗ್ಗೆ ಆರೂವರೆಗೆ ಮದ್ರಸ, ಅವನು ಬರುವಾಗ ಏಳು ಗಂಟೆ, ಮೈಯೆಲ್ಲ ಬೆವರು. ಮೂರು ದಿನ ನೋಡಿ ನಾಲ್ಕನೇ ದಿನ ಹೊರಗೆ ನಿಲ್ಲಿಸಿದೆವು. ‘ಗ್ರೌಂಡಿಗೆ ಹೋಗಿದ್ದೆ ಉಸ್ತಾದ್, ಪ್ರಾಕ್ಟೀಸ್’ ಎಂದ. ‘ಓಡಿದರೆ ನಿನಗೆ ಎಂತ ಸಿಗ್ತದೆ? ನಮ್ಮವರು ಯಾರು ಓಡಿ ಉದ್ಧಾರ ಆಗಿದ್ದಾರೆ?’ ಎಂದು ಎಲ್ಲರ ಎದುರು ಕೇಳಿದೆವು. ಅವನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದ ಸರಿಯಾದ ಸಮಯಕ್ಕೆ ಬಂದ, ನಮಗೆ ಖುಷಿಯೂ ಆಯಿತು. ಆರುನೂರು ಮೀಟರ್ ಓಟದಲ್ಲಿ ತಾಲೂಕು ಮಟ್ಟಕ್ಕೆ ಆಯ್ಕೆ ಆಗಿದ್ದ, ಆದರೆ ಹೋಗಲಿಲ್ಲ ಎಂಬುದು ಪಿ.ಟಿ. ಮಾಸ್ಟ್ರು ಸಿಕ್ಕಿದಾಗ ಗೊತ್ತಾದದ್ದು. ಆ ಹುಡುಗನ ಮನೆ ಎಲ್ಲಿ ಗೊತ್ತುಂಟಾ? ಕಾಕನ ಮನೆಯಿಂದ ಮೂರನೇ ಮನೆ. ಅವನಿಗೆ ಉತ್ತರ ಅಲ್ಲೇ ಇತ್ತು, ಸೇಫ್ಟಿ ಪಿನ್ ತುಂಬಿಸಿಟ್ಟ ಕಪ್ಪಿನಲ್ಲಿ. ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈಗ ಅವನು ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿದ್ದಾನೆ. ಕಳೆದ ತಿಂಗಳು ಹೋಗಿ ‘ನಮ್ಮದು ತಪ್ಪಾಯಿತು ಮೋನೆ’ ಎಂದೆವು. ಅವನು ನಗಾಡಿ, ಮೊಬೈಲಿಗೆ ಹೊಸ ಗ್ಲಾಸ್ ಹಾಕಿಕೊಟ್ಟ. ದುಡ್ಡು ತಗೊಳ್ಳಲಿಲ್ಲ.

‘ನಮ್ಮವರು ಯಾರು ಓಡಿದ್ದಾರೆ’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮಗು ಮೈದಾನಕ್ಕೆ ಇಳಿಯುತ್ತದೆ. ಇದಕ್ಕೆ ದೊಡ್ಡ ಸಂಶೋಧನೆ ಬೇಡ. ಬಂದರಿನಿಂದ ದೋಣಿಯಲ್ಲಿ ಹೊಳೆ ದಾಟಿ ಕಸಬ ಬೆಂಗರೆಗೆ ಒಮ್ಮೆ ಸಂಜೆ ಹೋಗಿ ಬನ್ನಿ. ಅಲ್ಲಿ ಮರಳಿನ ಮೇಲೆ ಫುಟ್ಬಾಲ್ ಆಡುವ ಪುಟ್ಟ ಮಕ್ಕಳಿಗೆ ಬಾಪ, ಮಾಮ ಆಡಿದ ಆಟ ಗೊತ್ತು. ಯಾರೂ ಪುಸ್ತಕ ಬರೆದದ್ದಲ್ಲ, ಕಟ್ಟೆಯ ಮೇಲಿನ ಮಾತಿನಿಂದಲೇ ಬಂದದ್ದು. ಓಟ, ಜಿಗಿತ, ಎಸೆತಕ್ಕೆ ನಮ್ಮಲ್ಲಿ ಅಂಥ ಕಟ್ಟೆ ಇಲ್ಲ.

ಕಂಬಳ ನೋಡಿ. ಹಗ್ಗ ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಎಂದು ಒಂದೊಂದು ವಿಭಾಗಕ್ಕೂ ಯಾರ ಕೋಣ, ಓಡಿಸಿದವರು ಯಾರು, ಎಷ್ಟು ಸೆಕೆಂಡು, ಕನೆಹಲಗೆಯಲ್ಲಿ ನೀರು ಎಷ್ಟು ಕೋಲು ಎತ್ತರಕ್ಕೆ ಚಿಮ್ಮಿತು, ಎಲ್ಲದಕ್ಕೂ ಲೆಕ್ಕ ಉಂಟು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶಕ್ಕೆಲ್ಲ ಹಬ್ಬಿದ್ದು ಆ ಲೆಕ್ಕ ಇಟ್ಟದ್ದರಿಂದ. ಉಸೇನ್ ಬೋಲ್ಟ್‌ಗೆ ಹೋಲಿಸಿದ್ದು ಸ್ವಲ್ಪ ಜಾಸ್ತಿಯೇ ಆಯಿತು, ಕೋಣ ಎಳೆಯುವುದಕ್ಕೂ ಒಬ್ಬನೇ ಓಡುವುದಕ್ಕೂ ವ್ಯತ್ಯಾಸ ಉಂಟಲ್ಲ. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದಾಗ ಅವರೂ ಹೋಗಲಿಲ್ಲ. ಅದಿರಲಿ. ನಮ್ಮ ಹುಡುಗರಿಗೆ ಗೆದ್ದ ಕೋಣಗಳ ಹೆಸರು ಬಾಯಿಪಾಠ, ಇದೇ ಕರಾವಳಿಯಿಂದ ಒಲಿಂಪಿಕ್ಸಿಗೆ ಹೋದವರ ಹೆಸರು ಕೇಳಿದರೆ ಮೌನ. ನಾವು ಮದ್ರಸದಲ್ಲಿ ಕೇಳಿ ನೋಡಿದ್ದೇವೆ.

ಹೆಸರುಗಳು ಬೇಕಾದಷ್ಟು ಉಂಟು. ಹೈಜಂಪಿನ ಸಹನಾ ಕುಮಾರಿ ದಕ್ಷಿಣ ಕನ್ನಡದವರು. 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು, ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. 1.92 ಎಂದರೆ ಎಷ್ಟು ಎಂದು ಮಕ್ಕಳಿಗೆ ಗೊತ್ತಾಗಲಿ ಅಂತ ಮದ್ರಸದ ಗೋಡೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆವು. ಗೆರೆ ನಮ್ಮ ತಲೆಗಿಂತ ಮೇಲೆ ಹೋಯಿತು. ಹೆಣ್ಮಕ್ಕಳು ಬಾಯಿ ಬಿಟ್ಟು ನೋಡಿದರು.

ಕುಂದಾಪುರದ ಒಳಗಡೆ, ಸಿದ್ದಾಪುರದ ಹತ್ತಿರ ಜನ್ಸಾಲೆ ಎಂಬ ಊರು. ಅಲ್ಲಿಯ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ನಾಲ್ಕು ಇಂಟು ನಾನೂರು ರಿಲೇ ಚಿನ್ನ ಗೆದ್ದರು. ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಾನೂರು ಮೀಟರ್ ಹರ್ಡಲ್ಸ್ ಚಿನ್ನ, ರಿಲೇ ಚಿನ್ನ ಎರಡೂ. ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮ 2014ರ ಇಂಚಿಯಾನ್‌ನಲ್ಲಿ ರಿಲೇ ಚಿನ್ನ ಮತ್ತು ನಾನೂರರಲ್ಲಿ ಕಂಚು ತಂದರು. 2018ರ ಜಕಾರ್ತದಲ್ಲಿ ಮಿಶ್ರ ರಿಲೇ ತಂಡ ನೋಡಿ: ಕೇರಳದ ನಿಲಮೇಲ್ ಎಂಬ ಊರಿನ ಮುಹಮ್ಮದ್ ಅನಸ್, ನಮ್ಮ ಪೂವಮ್ಮ, ಅಸ್ಸಾಮಿನ ಹಿಮಾ ದಾಸ್, ತಮಿಳುನಾಡಿನ ಆರೋಕ್ಯ ರಾಜೀವ್. ಬೆಳ್ಳಿ ಬಂದಿತ್ತು. ಮೊದಲ ಸ್ಥಾನದ ಬಹರೈನ್ ತಂಡದ ಓಟಗಾರ್ತಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಅದು ಚಿನ್ನವಾಯಿತು. ಅನಸ್ ಅದೇ ಕೂಟದಲ್ಲಿ ನಾನೂರರಲ್ಲಿ ಬೆಳ್ಳಿ ಗೆದ್ದವರು. ಮರುವರ್ಷ 45.21 ಸೆಕೆಂಡಿನ ರಾಷ್ಟ್ರೀಯ ದಾಖಲೆ ಓಡಿದರು.

ಚರಿತ್ರೆ ಎಂದ ಮೇಲೆ ಸಿಹಿ ಮಾತ್ರ ಬರೆದರೆ ಆಗುವುದಿಲ್ಲ. ಅಶ್ವಿನಿಯವರು 2011ರಲ್ಲಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ನಿಷೇಧಕ್ಕೆ ಒಳಗಾದರು. ಕೋಚ್ ಕೊಟ್ಟ ಪೂರಕ ಆಹಾರದಿಂದ ಹಾಗಾಯಿತು ಎಂದು ಅವರು ಹೇಳಿದ್ದರು. ಪೂವಮ್ಮನವರಿಗೂ 2022ರಲ್ಲಿ ಎರಡು ವರ್ಷದ ನಿಷೇಧ ಬಂತು. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಬರೀ ಪದಕ ತೋರಿಸುವುದು ಸರಿಯಲ್ಲ. ಜಿಮ್ಮಿಗೆ ಹೋಗುವ ನಮ್ಮ ಹುಡುಗರು ಯಾರೋ ಕೊಟ್ಟ ಡಬ್ಬಿಯ ಪುಡಿಯನ್ನು ಲೇಬಲ್ ಓದದೆ ಹಾಲಿಗೆ ಹಾಕಿ ಕುಡಿಯುವುದನ್ನು ನೋಡುತ್ತಿದ್ದೇವಲ್ಲ, ಅವರಿಗೆ ಈ ಕಥೆಯೇ ಹೆಚ್ಚು ಬೇಕಾದದ್ದು.

ಓದುಗರು ಗಮನಿಸಿರಬಹುದು, ಮೇಲೆ ಹೇಳಿದ ಕರಾವಳಿಯ ಮೂವರೂ ಹೆಣ್ಮಕ್ಕಳು. ನಮ್ಮ ಹೆಣ್ಮಕ್ಕಳು ಏಳನೇ ತರಗತಿಯವರೆಗೆ ಶಾಲೆಯಲ್ಲಿ ಚೆಂದ ಓಡುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಬಟ್ಟೆಯ ಮಾತು ಬರುತ್ತದೆ, ಉಮ್ಮಂದಿರಿಗೆ ಹೆದರಿಕೆ. ಬಹರೈನ್‌ನಲ್ಲಿ ದುಡಿಯುವ ನಮ್ಮ ಬ್ಯಾರಿಗಳು ಎಷ್ಟೋ ಮಂದಿ. ಆ ದೇಶದ ರುಖಯ್ಯಾ ಅಲ್ ಗಸ್ರಾ ಎಂಬ ಹೆಣ್ಮಗಳು 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ತಲೆವಸ್ತ್ರ ಹಾಕಿಕೊಂಡು, ಮೈ ಪೂರ್ತಿ ಮುಚ್ಚಿಕೊಂಡು ಇನ್ನೂರು ಮೀಟರಿನಲ್ಲಿ ಚಿನ್ನ ಗೆದ್ದರು. ಗಲ್ಫಿನಿಂದ ಅತ್ತರ್, ಟಾರ್ಚ್, ಹಾಲಿನಪುಡಿ ಎಲ್ಲ ಊರಿಗೆ ಬಂತು. ಈ ಸುದ್ದಿ ಮಾತ್ರ ಯಾಕೋ ಬರಲಿಲ್ಲ.

ಬರೆದಿಡುವ ವಿಷಯದಲ್ಲಿ ನಾವು ಬಡವರಲ್ಲ. ಮದೀನಾದಲ್ಲಿ ನಡೆದ ಕುದುರೆ ಓಟ ಬುಖಾರಿಯಲ್ಲಿ ದಾಖಲಾಗಿದೆ. ಪಳಗಿಸಿದ ಕುದುರೆಗಳು ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ, ಪಳಗಿಸದವು ಅಲ್ಲಿಂದ ಬನೂ ಝುರೈಖ್ ಮಸೀದಿವರೆಗೆ. ಸ್ಪರ್ಧಿಸಿದವರಲ್ಲಿ ಇಬ್ನು ಉಮರ್ ಇದ್ದರು ಎಂಬುದೂ ಉಂಟು. ಮೊದಲನೆಯ ದೂರ ಐದಾರು ಮೈಲಿಯೋ ಆರೇಳು ಮೈಲಿಯೋ ಎಂಬ ಭಿನ್ನ ಲೆಕ್ಕವನ್ನೂ ಬಿಡದೆ ಬರೆದಿದ್ದಾರೆ. ಸಾವಿರದ ನಾನೂರು ವರ್ಷ ಆದರೂ ಎಲ್ಲಿಂದ ಎಲ್ಲಿಗೆ ಓಡಿದರು ಎಂದು ನಮಗೆ ಗೊತ್ತು. ಅದನ್ನು ಮಕ್ಕಳಿಗೆ ಕಲಿಸುವ ನಾವು, ನಮ್ಮ ಬೀದಿಯ ಕಾಕ ಯಾವ ವರ್ಷ ಓಡಿದರು ಎಂದು ಹೇಳಲಾರೆವು. ಜಮಾಅತಿನ ದಫ್ತರಿನಲ್ಲಿ ನಿಕಾಹ್, ಮಯ್ಯಿತ್ ಎಲ್ಲದಕ್ಕೂ ತಾರೀಕು ಉಂಟು, ಮೈದಾನದಲ್ಲಿ ಗೆದ್ದವರಿಗೆ ಒಂದು ಪುಟ ಇಲ್ಲ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂದ ಮೇಲೆ ಹಾಡು, ಗಾದೆ, ಒಗಟುಗಳನ್ನು ಹುಡುಕಿ ಬರೆದಿಡಬೇಕು ಎಂಬ ಎಚ್ಚರ ನಮ್ಮಲ್ಲಿ ಬಂದಿದೆ. ಆಟದ ವಿಷಯಕ್ಕೆ ಆ ಎಚ್ಚರ ಇನ್ನೂ ಬಂದಿಲ್ಲ.

ಹಾಗಾಗಿ ನಾವೇ ನಲ್ವತ್ತು ರೂಪಾಯಿಯ ಒಂದು ನೋಟ್‌ಬುಕ್ ತಂದೆವು. ಮಗ್ರಿಬ್ ಇಶಾ ನಡುವೆ ಇಬ್ಬರು ದೊಡ್ಡ ಮಕ್ಕಳನ್ನು ಕರೆದುಕೊಂಡು ಹಿರಿಯರ ಮನೆಗೆ ಹೋಗುವುದು. ಯಾವ ಶಾಲೆ, ಯಾವ ಮೈದಾನ, ಎಷ್ಟು ದೂರ, ಕಲಿಸಿದ ಮಾಸ್ಟ್ರು ಯಾರು, ಜೊತೆಗೆ ಓಡಿದವರು ಯಾರು, ಯಾಕೆ ನಿಲ್ಲಿಸಿದಿರಿ. ಕೊನೆಯ ಪ್ರಶ್ನೆಯನ್ನು ಕೇಳದೆ ಬರಬೇಡಿ, ನಮಗೆ ಹೆಚ್ಚು ಕಲಿಸಿದ್ದು ಅದುವೇ. ಇಸವಿ ನೆನಪಿಲ್ಲದಿದ್ದರೆ ‘ದೊಡ್ಡ ನೆರೆಗೆ ಮೊದಲಾ ನಂತರವಾ, ಮದುವೆಗೆ ಎಷ್ಟು ವರ್ಷ ಮುಂಚೆ’ ಎಂದು ಕೇಳಿದರೆ ಹತ್ತಿರ ಬರುತ್ತದೆ. ನಿಕಾಹ್ ದಫ್ತರ್ ಅಲ್ಲಿ ಉಪಯೋಗಕ್ಕೆ ಬಂತು. ಹೇಳಿದ್ದೆಲ್ಲ ನಿಜ ಎಂದೇನಿಲ್ಲ, ಪ್ರಾಯ ಆದ ಮೇಲೆ ಎಲ್ಲರೂ ಒಂದನೇ ಬಂದವರೇ. ಇನ್ನೊಬ್ಬರ ಹತ್ತಿರವೂ ಕೇಳಬೇಕು, ಶಾಲೆಯ ಹಳೆಯ ಸ್ಮರಣ ಸಂಚಿಕೆ ಸಿಕ್ಕಿದರೆ ನೋಡಬೇಕು. ಹಳೆಯ ಸರ್ಟಿಫಿಕೇಟ್ ಸಿಕ್ಕಿದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ತೆಗೆಯಲು ಆಗುವುದಿಲ್ಲ, ಒಳಗೇ ಕಾಗದ ಹಾಳಾಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು, ಕಾಗದವನ್ನು ಒಣಗಿದ ಕವರಿನಲ್ಲಿ ಇಟ್ಟರೆ ಸಾಕು. ಫೋಟೋದ ಹಿಂದೆ ಹೆಸರು ಬರೆಯುವುದಿದ್ದರೆ ಪೆನ್ನು ಬೇಡ, ಪೆನ್ಸಿಲ್.

ಇವತ್ತಿನವರೆಗೆ ಹನ್ನೊಂದು ಹೆಸರು ಆಗಿದೆ. ಅದರಲ್ಲಿ ಇಬ್ಬರು ಹೆಂಗಸರು. ಒಬ್ಬರು ಶಾಲೆಯಲ್ಲಿ ಗುಂಡೆಸೆತದಲ್ಲಿ ಗೆದ್ದವರು, ಈಗ ಬೀಡಿ ಕಟ್ಟುತ್ತಾರೆ. ಅವರ ಮಗಳು ಪಕ್ಕದಲ್ಲಿ ಕೂತು ‘ಉಮ್ಮಾ, ನೀವು ನನಗೆ ಹೇಳಲೇ ಇಲ್ಲ’ ಎಂದು ಮೂರು ಸಲ ಹೇಳಿದಳು. ಮೂವರು ಹಿರಿಯರ ಮನೆಗೆ ನಾವು ತಲುಪುವಾಗ ತಡವಾಗಿತ್ತು, ಇಬ್ಬರು ತೀರಿಹೋಗಿದ್ದರು, ಒಬ್ಬರಿಗೆ ಮಕ್ಕಳ ಗುರುತೇ ಸಿಗುವುದಿಲ್ಲ.

ಮದ್ರಸದಲ್ಲಿ ಕಮಿಟಿಯವರ ಹತ್ತಿರ ಮಾತಾಡಿ ಮಂಗಳವಾರ, ಗುರುವಾರ ಗ್ರೌಂಡಿಗೆ ಹೋಗುವ ಮಕ್ಕಳು ಏಳೂಕಾಲಿಗೆ ಬಂದರೆ ಸಾಕು ಎಂದು ಮಾಡಿದ್ದೇವೆ. ತಪ್ಪಿದ ಪಾಠ ಸಂಜೆ. ಒಂದಿಬ್ಬರು ಹೆತ್ತವರು ಗೊಣಗಿದರು, ಗೊಣಗಲಿ.

ಕಾಕನ ಪುಟದಲ್ಲಿ ‘ಅರ್ಧ ಮೈಲಿ, ಪ್ರಥಮ, ಸಮಯ ಗೊತ್ತಿಲ್ಲ’ ಎಂದು ಬರೆದಿದೆ. ಅದನ್ನು ಓದಿದ ಹುಡುಗರಿಗೆ ಸಮಾಧಾನ ಇಲ್ಲ. ಕಳೆದ ಆದಿತ್ಯವಾರ ಶಾಲೆಯ ಮೈದಾನದಲ್ಲಿ ಹಗ್ಗ ಹಿಡಿದು ಇನ್ನೂರು ಮೀಟರಿನ ಸುತ್ತು ಅಳೆದು, ನಾಲ್ಕು ಸುತ್ತು ಓಡುವುದೆಂದು ಗೆರೆ ಹಾಕಿದರು. ಕಾಕನಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಕೂರಿಸಿ, ಕೈಗೆ ಮೊಬೈಲ್ ಕೊಟ್ಟು ‘ಕಾಕ, ಈಗ ವಾಚ್ ನಿಮ್ಮ ಕೈಯಲ್ಲಿ’ ಎಂದರು. ಏಳು ಮಂದಿ ಓಡಿದರು. ಮೊದಲನೆಯವನು ಗೆರೆ ದಾಟುವಾಗ ಕಾಕ ಎದ್ದು ನಿಂತು ಬೊಬ್ಬೆ ಹಾಕುತ್ತಿದ್ದರು, ಗುಂಡಿ ಒತ್ತಲು ಮರೆತೇಬಿಟ್ಟರು. ‘ಇನ್ನೊಮ್ಮೆ ಓಡಿ ಮಕ್ಕಳೇ’ ಎಂದರು. ಹುಡುಗರು ನೀರು ಕುಡಿದು ಬಂದು ಮತ್ತೆ ಗೆರೆಯಲ್ಲಿ ನಿಂತರು.