ಊರಿನ ವಿಜ್ಞಾನ ಸಾಧನೆಯ ಪ್ರಚಾರಕ್ಕೆ ಸರ್ಕಾರದ ನೆರವು

ವಿಜ್ಞಾನದ ಸಾಧನೆ ಎಂದೊಡನೆ ನಮ್ಮ ಜನರ ದೃಷ್ಟಿ ಆಕಾಶದ ಕಡೆಗೆ, ಇಲ್ಲವೆ ಬೆಂಗಳೂರಿನ ಕಡೆಗೆ ಹೋಗುತ್ತದೆ. ತಮ್ಮ ಊರಿನ ಮಗ್ಗುಲಲ್ಲೇ ಆಗಿರುವ ಕೆಲಸವನ್ನು ನೆನೆಯುವವರು ಕಡಿಮೆ. ಅದನ್ನು ಊರಿನವರಿಗೆ ತಿಳಿಸಿಕೊಡಲು ಸರ್ಕಾರದಿಂದ ಧನಸಹಾಯ ದೊರೆಯುತ್ತದೆಂಬ ಸಂಗತಿಯೂ ಹಳ್ಳಿಗಳನ್ನು ಅಷ್ಟಾಗಿ ತಲುಪಿಲ್ಲ.

ಸರ್ ಸಿ.ವಿ. ರಾಮನ್ ಅವರ ಶೋಧವು 1928ರ ಫೆಬ್ರವರಿ 28ರಂದು ಆಯಿತು. ಅದರ ನೆನಪಿಗಾಗಿ 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ವಿಜ್ಞಾನವನ್ನು ಜನರ ಬಳಿಗೆ ಕೊಂಡೊಯ್ಯುವ ಸಲುವಾಗಿ ಕೇಂದ್ರ ಸರ್ಕಾರವು 1982ರಲ್ಲಿ ರಚಿಸಿದ ರಾಷ್ಟ್ರೀಯ ಸಂವಹನ ಮಂಡಳಿಯು ಈ ಆಚರಣೆಗೆ ರಾಜ್ಯಗಳ ವಿಜ್ಞಾನ ಮಂಡಳಿಗಳ ಮೂಲಕ ನೆರವು ನೀಡುತ್ತ ಬಂದಿದೆ. ನಮ್ಮ ರಾಜ್ಯದ ಮಂಡಳಿಯು 1975ರಲ್ಲಿ ಆರಂಭವಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ನೆರವು ದೊಡ್ಡದಲ್ಲ. ಆದುದರಿಂದ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬುದೇ ಮುಖ್ಯ. ಶಾಮಿಯಾನ, ಹಾರ, ಶಾಲುಗಳಿಗೆ ಹಣ ಮುಗಿದು, ತೋರಿಸಲು ಏನೂ ಉಳಿಯದ ಸಮಾರಂಭಗಳು ಬೇಕಾದಷ್ಟಿವೆ.

ಏನನ್ನು ತೋರಿಸಬಹುದು? ಮಂಡ್ಯದ ವಿ.ಸಿ. ಫಾರಂನ ರಾಗಿಯನ್ನೇ ನೋಡಿ. ರಾಗಿಯ ಹೂವು ಬಹಳ ಚಿಕ್ಕದು. ಅದು ಬೆಳಗಿನ ಜಾವ, ಸುಮಾರು ಒಂದು ಗಂಟೆಯಿಂದ ಐದು ಗಂಟೆಯೊಳಗೆ ಅರಳುತ್ತದೆ. ಅಷ್ಟರಲ್ಲೇ ತನ್ನ ಪರಾಗದಿಂದ ತಾನೇ ಕಾಳು ಕಟ್ಟಲು ತೊಡಗಿರುತ್ತದೆ. ಇಂಥ ಪೈರಿನಲ್ಲಿ ಒಂದು ತಳಿಗೆ ಇನ್ನೊಂದನ್ನು ಕೂಡಿಸುವುದು ಸುಲಭವಲ್ಲ. ಡಾ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಹೆಸರಿನಲ್ಲೇ ಇಂಡಿಯ, ಆಫ್ರಿಕ ಎರಡೂ ಇವೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ಇಂಡಾಫ್ ಈಗ ಹಳೆಯದಾಯಿತಲ್ಲ ಎಂದು ಕೆಲವರು ಕೇಳಬಹುದು. ನಮ್ಮ ರೈತರು ವಿಶೇಷವಾಗಿ ಬೆಳೆಯುವ ಜಿ.ಪಿ.ಯು.-28 ತಳಿಯ ವಂಶವನ್ನು ವಿಚಾರಿಸಿದರೆ ಉತ್ತರ ಸಿಗುತ್ತದೆ. ಇಂಡಾಫ್-9ಕ್ಕೆ ಐ.ಇ.-1012 ಎಂಬ ಆಫ್ರಿಕದ ತಳಿಯನ್ನು ಕೂಡಿಸಿ, ಅದರ ಸಂತತಿಯನ್ನು ಮತ್ತೆ ಇಂಡಾಫ್-5ಕ್ಕೆ ಕೂಡಿಸಿ ಇದನ್ನು ಪಡೆಯಲಾಗಿದೆ. ಇಂಡಾಫ್‌ನ ಇಳುವರಿ ಗುಣ ಉಳಿಯಿತು. ಅದನ್ನು ಕಾಡುತ್ತಿದ್ದ ಬೆಂಕಿ ರೋಗವನ್ನು ತಡೆಯುವ ಶಕ್ತಿ ಸೇರಿತು. ಇಷ್ಟನ್ನು ಒಬ್ಬ ರೈತ ತಿಳಿದುಕೊಂಡರೆ, ಬೆಂಕಿ ರೋಗವಿರುವ ಜಮೀನಿಗೆ ಯಾವ ತಳಿಯ ಬೀಜ ಕೇಳಬೇಕೆಂಬುದು ಅವನಿಗೆ ತಾನಾಗಿಯೇ ಹೊಳೆಯುತ್ತದೆ. ಬರಿಯ ಹೆಮ್ಮೆಗಾಗಿ ಮಾಡುವ ಪ್ರಚಾರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು.

ಒಂದು ತೊಡಕುಂಟು. ಫೆಬ್ರವರಿ ಕೊನೆಗೆ ಮುಂಗಾರಿನ ರಾಗಿ ಕಣ ಸೇರಿ ಬಹಳ ದಿನವಾಗಿರುತ್ತದೆ. ಆದಕಾರಣ ಕೊಯ್ಲಿನ ವೇಳೆಯಲ್ಲೇ ನಾಡತಳಿ, ಇಂಡಾಫ್, ಜಿ.ಪಿ.ಯು.-28 ಇವುಗಳ ಒಂದೊಂದು ಹಿಡಿ ತೆನೆಗಳನ್ನು ಬುಡಸಹಿತ ಒಣಗಿಸಿ, ಹೆಸರು ಚೀಟಿ ಕಟ್ಟಿ ಎತ್ತಿಡಬೇಕು. ರೋಗ ತಗುಲಿದ ಜೊಳ್ಳು ತೆನೆಯನ್ನೂ ಮರೆಯಬಾರದು. ಬಣ್ಣದ ಚಿತ್ರಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ಮಲೆನಾಡಿನವರಿಗೆ ಬೇರೆ ವಸ್ತುವಿದೆ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ಪುಸ್ತಿಕೆ 1910ರಲ್ಲಿ ಹೊರಬಂತು. ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಕಡೆ ಬೋರ್ಡೋ ದ್ರಾವಣದ ಸಿಂಪರಣೆ ಬಳಕೆಗೆ ಬಂದದ್ದು ಅವರ ಕೆಲಸದಿಂದ. ಪ್ರದರ್ಶನದಲ್ಲಿ ಒಂದು ಹಳೆಯ ಕೊಟ್ಟೆಯನ್ನಿಟ್ಟು, ಪಕ್ಕದಲ್ಲಿ ಶೇಕಡ 1ರ ದ್ರಾವಣವನ್ನು ಜನರೆದುರಿಗೇ ತಯಾರಿಸಿ ತೋರಿಸಬಹುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹೊಳಪಿನ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಬೇಕೆಂದು ತಿಳಿಯಬೇಕು.

ಅರ್ಜಿಯನ್ನು ಶಾಲೆ, ಕಾಲೇಜು ಅಥವಾ ನೋಂದಾಯಿತ ಸಂಘದ ಮೂಲಕ ಸಲ್ಲಿಸುವುದು ಅನುಕೂಲ. ಮಂಡಳಿಯ ಆ ವರ್ಷದ ಪ್ರಕಟಣೆಯಲ್ಲಿ ಅರ್ಹತೆ ಮತ್ತು ಕಡೆಯ ದಿನಾಂಕವನ್ನು ನೋಡಿಕೊಳ್ಳಬೇಕು. ಏನನ್ನು ತೋರಿಸುತ್ತೇವೆ, ವಿವರಿಸುವವರು ಯಾರು, ಎಷ್ಟು ಹಳ್ಳಿಗಳವರು ಬರುತ್ತಾರೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ವಿಸ್ತರಣಾ ಕಾರ್ಯಕರ್ತರು ತೆನೆಗಳನ್ನು ಕೂಡಿಡುವ ಕೆಲಸವನ್ನು ನವೆಂಬರ್‌ನಲ್ಲೇ ಶುರುಮಾಡುವುದೊಳ್ಳೆಯದು.