ಮೂರು ದಿನದ ಉಗುರು ಕೋರ್ಸು: ಹಣ ಕಟ್ಟುವ ಮುನ್ನ

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳಾದರೂ ಬೇಕು. ಕೃತಕ ಉಗುರು ಕೂರಿಸುವ ವೃತ್ತಿ ನಿಂತಿರುವುದು ಈ ಲೆಕ್ಕದ ಮೇಲೆಯೇ. ಇಂದು ಉಗುರು ಕೂರಿಸಿಕೊಂಡು ಹೋದವರಿಗೆ ಮೂರು ವಾರದಲ್ಲಿ ಬುಡದ ಹತ್ತಿರ ಎರಡು ಮಿಲಿಮೀಟರ್ ಖಾಲಿ ಜಾಗ ಕಾಣತೊಡಗುತ್ತದೆ. ಅದನ್ನು ತುಂಬಿಸಿಕೊಳ್ಳಲು ಅವರು ಮತ್ತೆ ಬರಬೇಕು. ಕ್ಷೌರದಂಗಡಿಗೆ ಕೂದಲು ಹೇಗೋ ಇಲ್ಲಿ ಉಗುರು ಹಾಗೆ.

ಈ ವೃತ್ತಿಯಲ್ಲಿ ಆಗಾಗ ಹೊಸ ವಿಧಾನಗಳು ಬರುತ್ತಿರುತ್ತವೆ. ಅಂಥವುಗಳಲ್ಲೊಂದು ‘ಪಾಲಿಜೆಲ್’. ಎರಡು ಮೂರು ದಿನದಲ್ಲಿ ಕಲಿಸಿ ಪ್ರಮಾಣಪತ್ರ ಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ಕಂಡು, ಪಿಯುಸಿ ಮುಗಿಸಿದ ಮಕ್ಕಳು ಮನೆಯಲ್ಲಿ ಹಣ ಕೇಳುತ್ತಾರೆ. ‘ಮೇಷ್ಟ್ರೇ, ಉಗುರಿಗೆ ಬಣ್ಣ ಹಚ್ಚೋದಕ್ಕೂ ಒಂದು ಕೋರ್ಸೇ?’ ಎಂದು ತಂದೆಯೊಬ್ಬರು ನನ್ನನ್ನು ಕೇಳಿದರು. ಬಣ್ಣ ಹಚ್ಚುವುದು ಇದರಲ್ಲಿ ಕೊನೆಯ ಕೆಲಸ. ಅದಕ್ಕೂ ಮೊದಲು ನಡೆಯುವುದೆಲ್ಲ ರಸಾಯನ ವಿಜ್ಞಾನ.

ಇದು ಹುಟ್ಟಿದ್ದು ಹಲ್ಲಿನ ವೈದ್ಯರ ಕೈಯಲ್ಲಿ. 1950ರ ದಶಕದಲ್ಲಿ ಅಮೆರಿಕದ ದಂತವೈದ್ಯ ಫ್ರೆಡರಿಕ್ ಸ್ಲ್ಯಾಕ್ ಹಲ್ಲಿಗೆ ಬಳಸುವ ಅಕ್ರಿಲಿಕ್ಕನ್ನೇ ಉಗುರಿಗೆ ಬಳಸಿದರು. ಅಕ್ರಿಲಿಕ್ ವಿಧಾನದಲ್ಲಿ ಒಂದು ದ್ರವ, ಒಂದು ಪುಡಿ. ದ್ರವದಲ್ಲಿರುವುದು ಬಿಡಿ ಬಿಡಿ ಅಣುಗಳು, ಅಂದರೆ ಮಾನೋಮರ್. ಪುಡಿಯಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಪ್ರಚೋದಕವಿರುತ್ತದೆ. ಎರಡೂ ಸೇರಿದಾಗ ಬಿಡಿ ಅಣುಗಳು ಕೈಕೈ ಹಿಡಿದು ಸರಪಳಿಯಾಗಿ ಗಟ್ಟಿಯಾಗುತ್ತವೆ. ಶಾಲೆಯ ಪುಸ್ತಕದ ಪಾಲಿಮರ್ ಪಾಠ ಇಲ್ಲಿ ಬೆರಳ ತುದಿಯಲ್ಲೇ ನಡೆಯುತ್ತದೆ. ಜೆಲ್ ವಿಧಾನದಲ್ಲಿ ಪುಡಿಯಿಲ್ಲ. ಸರಪಳಿ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ದೀಪದ ಬೆಳಕು. ‘ಡಿಪ್ ಪೌಡರ್’ ಎಂಬ ಇನ್ನೊಂದು ವಿಧಾನದಲ್ಲಿ ಬಳಸುವುದು ಸಯನೋಅಕ್ರಿಲೇಟ್. ನಾವು ಮನೆಯಲ್ಲಿ ಫೆವಿಕ್ವಿಕ್ ಎಂದು ಕರೆಯುವ ಅಂಟಿನ ಜಾತಿಯೇ ಅದು.

ಹಾಗಾದರೆ ಪಾಲಿಜೆಲ್ ಎಂದರೇನು? ಅಕ್ರಿಲಿಕ್ ಪುಡಿಯನ್ನು ಜೆಲ್ಲಿನಲ್ಲಿ ಕಲಸಿ ಕೊಳವೆಯಲ್ಲಿ ತುಂಬಿದ್ದು. ಹಿಟ್ಟಿನ ಹದದಲ್ಲಿರುವುದರಿಂದ ಹರಿಯುವುದಿಲ್ಲ, ನಿಧಾನವಾಗಿ ರೂಪ ಕೊಡಬಹುದು. ದೀಪದಡಿ ಇಟ್ಟಾಗಲೇ ಗಟ್ಟಿಯಾಗುತ್ತದೆ. ಹಳೆಯ ಎರಡು ವಿಧಾನಗಳ ಮದುವೆ ಎನ್ನಿ. ಅವೆರಡನ್ನೂ ಬಲ್ಲವರಿಗೆ ಮೂರು ದಿನ ಸಾಕು. ಎರಡೂ ಗೊತ್ತಿಲ್ಲದವರಿಗೆ ಮೂರು ದಿನದಲ್ಲಿ ಬರುವುದು ಕೈಚಲನೆ ಮಾತ್ರ.

ವಾಸನೆ ಇಲ್ಲ ಎಂಬುದೇ ಇದರ ದೊಡ್ಡ ಪ್ರಚಾರ. ಅಕ್ರಿಲಿಕ್ಕಿನ ದ್ರವ ಬೇಗ ಆವಿಯಾಗಿ ಕೋಣೆಯೆಲ್ಲ ಘಾಟು ತುಂಬುತ್ತದೆ. ಪಾಲಿಜೆಲ್ಲಿನಲ್ಲಿ ಆ ಕಾಟ ಕಡಿಮೆ, ನಿಜ. ಆದರೆ ಅಡುಗೆ ಅನಿಲಕ್ಕೂ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದು ಮರ್‌ಕ್ಯಾಪ್ಟನ್ ಬೆರೆಸುತ್ತಾರೆ. ಮೂಗಿಗೆ ತಿಳಿಯದ ಮಾತ್ರಕ್ಕೆ ನಿರಪಾಯ ಎಂದು ತಿಳಿಯಬಾರದು.

ಇಲ್ಲಿಯ ನಿಜವಾದ ಅಪಾಯ ಚರ್ಮಕ್ಕೆ. ಜೆಲ್ಲುಗಳಲ್ಲಿ ‘ಹೆಮಾ’ ಮುಂತಾದ ಮೆಥಕ್ರಿಲೇಟುಗಳಿರುತ್ತವೆ. ಗಟ್ಟಿಯಾಗುವ ಮೊದಲು ಇವು ಪುಟ್ಟ ಅಣುಗಳು, ಚರ್ಮದೊಳಕ್ಕೆ ಸುಲಭವಾಗಿ ಇಳಿಯುತ್ತವೆ. ಪದೇ ಪದೇ ತಾಗಿದರೆ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಬೆರಳ ತುದಿ ಕೆಂಪಾಗಿ, ತುರಿಸಿ, ಬಿರಿಯುತ್ತದೆ. ಮುಟ್ಟಿದ ರೆಪ್ಪೆಯೂ ಊದಿಕೊಳ್ಳಬಹುದು. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಹಲ್ಲು ತುಂಬಿಸುವಾಗ, ಮಂಡಿಚಿಪ್ಪು ಬದಲಿಸುವಾಗ ಬಳಸುವ ವಸ್ತುಗಳೂ ಇದೇ ಕುಟುಂಬದವು ಎಂಬುದನ್ನು ಮರೆಯಬೇಡಿ. ಗಿರಾಕಿ ಕೂರುವುದು ಮೂರು ವಾರಕ್ಕೊಮ್ಮೆ. ಕೆಲಸ ಮಾಡುವ ಹುಡುಗಿ ಮುಟ್ಟುವುದು ದಿನವೂ. ಲಕ್ಷ ರೂಪಾಯಿ ಹಾಕಿ ಅಂಗಡಿ ತೆರೆದವಳಿಗೆ ಎರಡನೇ ವರ್ಷ ಈ ಅಲರ್ಜಿ ಬಂದರೆ ಆ ವೃತ್ತಿ ಅಲ್ಲಿಗೇ ಮುಗಿಯಿತು. ಕೋರ್ಸಿನ ಶುಲ್ಕದ ಬಗ್ಗೆ ಚೌಕಾಸಿ ಮಾಡುವ ತಂದೆ ತಾಯಿ ಈ ಮಾತನ್ನು ಕೇಳುವುದೇ ಇಲ್ಲ.

ಐರೋಪ್ಯ ಒಕ್ಕೂಟ 2020ರಲ್ಲಿ ನಿಯಮ ತಂದು, ಹೆಮಾ ಇರುವ ಉಗುರು ಸಾಮಗ್ರಿಯನ್ನು ತರಬೇತಿ ಪಡೆದ ವೃತ್ತಿಪರರು ಮಾತ್ರ ಬಳಸಬೇಕೆಂದಿತು. ಜೆಲ್ ಗಟ್ಟಿಯಾಗಲು ಬಳಸುತ್ತಿದ್ದ ‘ಟಿಪಿಓ’ ಎಂಬ ರಾಸಾಯನಿಕವನ್ನು 2025ರ ಸೆಪ್ಟೆಂಬರ್ 1ರಿಂದ ಪ್ರಸಾಧನಗಳಲ್ಲಿ ನಿಷೇಧಿಸಿತು; ಸಂತಾನಶಕ್ತಿಗೆ ಹಾನಿಕರ ಎಂಬ ವರ್ಗಕ್ಕೆ ಅದು ಸೇರಿದ್ದೇ ಕಾರಣ. ನಮ್ಮಲ್ಲಿ 2020ರ ಪ್ರಸಾಧನ ನಿಯಮಗಳ ಪ್ರಕಾರ ಆಮದು ಸಾಮಗ್ರಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು. ತರಬೇತಿ ಕೊಡುವಲ್ಲಿ ಬಾಟಲಿ, ಕೊಳವೆಗಳನ್ನು ಕೈಗೆತ್ತಿಕೊಂಡು ಓದಿ. ಏನೂ ಬರೆದಿರದಿದ್ದರೆ ಎದ್ದು ಬನ್ನಿ.

ದೀಪದ ವಿಷಯಕ್ಕೆ ಬರೋಣ. ಪ್ರತಿ ಜೆಲ್ಲಿಗೂ ಅದರ ಪ್ರಚೋದಕ ಹೀರುವ ತರಂಗಾಂತರದ ಬೆಳಕೇ ಬೇಕು. ಸಾಮಾನ್ಯವಾಗಿ 365ರಿಂದ 405 ನ್ಯಾನೋಮೀಟರ್ ನಡುವೆ. ಬೇರೆ ದೀಪ ಬಳಸಿದರೆ ಮೇಲ್ಮೈ ಗಟ್ಟಿಯಾಗಿ ಕಂಡರೂ ಒಳಗೆ ಸರಪಳಿಗೆ ಸೇರದ ಅಣುಗಳು ಉಳಿಯುತ್ತವೆ. ಉಜ್ಜುವಾಗ ಏಳುವ ಧೂಳಿನಲ್ಲಿ ಅವೇ ಮುಖಕ್ಕೆ ಬರುತ್ತವೆ. ಎರಡು ವರ್ಷದಿಂದ ಜೆಲ್ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತರಬೇತಿದಾರರಿಗೆ ಫೋನು ಮಾಡಿ ‘ದೀಪದ ತರಂಗಾಂತರ ಎಷ್ಟು?’ ಎಂದು ಕೇಳಿದಳು. ‘48 ವ್ಯಾಟ್’ ಎಂಬ ಉತ್ತರ ಬಂತು. ‘ಸಾರ್, ಊರು ಯಾವುದು ಅಂತ ಕೇಳಿದ್ರೆ ಬಸ್ ಚಾರ್ಜ್ ಹೇಳಿದ ಹಾಗಾಯ್ತು’ ಎಂದು ನಕ್ಕಳು. ಆ ಕೋರ್ಸಿಗೆ ಅವಳು ಹೋಗಲಿಲ್ಲ.

ಗಟ್ಟಿಯಾಗುವಾಗ ಬಿಸಿಯೂ ಹೊಮ್ಮುತ್ತದೆ, ಇದು ಬಹಿರುಷ್ಣಕ ಕ್ರಿಯೆ. ದಪ್ಪಗೆ ಹಚ್ಚಿದರೆ ಗಿರಾಕಿ ಕೈ ಹಿಂದಕ್ಕೆಳೆಯುವುದು ಅದಕ್ಕೇ. ಇನ್ನು ತೆಗೆಯುವ ಕೆಲಸ. ಸಾಧಾರಣ ಜೆಲ್ ಪಾಲಿಶ್ ಅಸಿಟೋನಿನಲ್ಲಿ ಮೆತ್ತಗಾಗುತ್ತದೆ. ಪಾಲಿಜೆಲ್ಲನ್ನು ಬಹುಪಾಲು ಉಜ್ಜಿಯೇ ತೆಗೆಯಬೇಕು. ಅಡಿಯಲ್ಲಿರುವ ನಮ್ಮ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರ ಮೇಲೆ ಡ್ರಿಲ್ ಯಂತ್ರ ಓಡಿಸುವ ಕೈ ಮೂರು ದಿನದಲ್ಲಿ ಪಳಗೀತೆ? ಹಚ್ಚುವುದನ್ನು ಎಲ್ಲರೂ ಕಲಿಸುತ್ತಾರೆ. ತೆಗೆಯುವುದನ್ನು ಎಷ್ಟು ಗಂಟೆ ಕಲಿಸುತ್ತೀರಿ ಎಂದು ಕೇಳಿ ನೋಡಿ.

ಸಂಪಾದನೆಯ ಲೆಕ್ಕವನ್ನು ಪೋಷಕರೇ ಮಾಡಬಹುದು. ಮೂರು ವಾರಕ್ಕೊಮ್ಮೆ ಬರುವ 20 ಮಂದಿ ಇದ್ದರೆ ವಾರಕ್ಕೆ ಏಳು ಮಂದಿಯಾದರು, ಅಷ್ಟೆ. ಮದುವೆ ಕಾಲದ ಗಿರಾಕಿಗಳನ್ನು ಇದರಲ್ಲಿ ಸೇರಿಸಬೇಡಿ, ಅವರು ಮತ್ತೆ ಬರುವುದಿಲ್ಲ. ರೊಟ್ಟಿ ತಟ್ಟುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಉದ್ದ ಉಗುರು ಒಗ್ಗದು. ರೋಗಿಗಳನ್ನು ಮುಟ್ಟುವ ನರ್ಸುಗಳು ಕೃತಕ ಉಗುರು ಧರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈತೊಳೆಯುವ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಊರಿನಲ್ಲಿ ಉಳಿದವರು ಎಷ್ಟು ಮಂದಿ? ಬೆಂಗಳೂರಿನಲ್ಲಿ ಈ ಸಂಖ್ಯೆ ದೊಡ್ಡದು, ಅಂಗಡಿಯ ಬಾಡಿಗೆಯೂ ದೊಡ್ಡದು.

ನನ್ನ ಅಭಿಪ್ರಾಯ ಕೇಳಿದರೆ, ಈಗಷ್ಟೇ ಪಿಯುಸಿ ಮುಗಿಸಿದವರು ಪಾಲಿಜೆಲ್ಲಿಗೆ ಅವಸರ ಪಡಬೇಕಿಲ್ಲ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ತರಬೇತಿಯಿದೆ; ಚರ್ಮ, ಕೂದಲು, ಉಗುರು ಮೂರನ್ನೂ ಅಲ್ಲಿ ಕಲಿಯಬಹುದು, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಈಗಾಗಲೇ ಜೆಲ್ ಕೆಲಸದಲ್ಲಿ ಕೈ ಕುದುರಿರುವವರು, ಕಾಯಂ ಗಿರಾಕಿಗಳು ಇರುವವರು, ಸರಿಯಾದ ಉತ್ತರ ಕೊಡುವ ತರಬೇತಿದಾರರು ಸಿಕ್ಕರೆ ಧಾರಾಳವಾಗಿ ಸೇರಲಿ. ಹೋಗುವ ದಿನ ಮಾಸ್ಕನ್ನೂ ಒಂದು ಡಬ್ಬಿ ನೈಟ್ರೈಲ್ ಕೈಗವಸನ್ನೂ ಕೊಂಡೊಯ್ಯಿರಿ. ಮಾಮೂಲು ರಬ್ಬರಿನ ಕೈಗವಸನ್ನು ಈ ಅಣುಗಳು ನಿಮಿಷಗಳಲ್ಲಿ ದಾಟುತ್ತವೆ. ನೈಟ್ರೈಲ್ ವಾಸಿ, ಆದರೆ ಅದನ್ನೂ ಆಗಾಗ ಬದಲಿಸುತ್ತಿರಬೇಕು.