ಲಾಂಛನದ ಭಾಷೆ ತರಗತಿಗೆ ಬಂದ ಬಗೆ

ಅಮೆರಿಕದ ಹವಾಯಿ ರಾಜ್ಯದ ಸಂವಿಧಾನದಲ್ಲಿ 15ನೆಯ ಅನುಚ್ಛೇದದ 3ನೆಯ ಪ್ರಕರಣವು ರಾಜ್ಯಧ್ವಜವನ್ನೂ 5ನೆಯದು ಧ್ಯೇಯವಾಕ್ಯವನ್ನೂ ನಿಗದಿಪಡಿಸುತ್ತವೆ. ನಡುವಿನ 4ನೆಯ ಪ್ರಕರಣವು ಇಂಗ್ಲಿಷಿನೊಡನೆ ಹವಾಯಿ ಭಾಷೆಯನ್ನೂ ಅಧಿಕೃತ ಭಾಷೆಯೆಂದು ಸಾರುತ್ತದೆ. ಆದರೆ ಸರ್ಕಾರಿ ವ್ಯವಹಾರದಲ್ಲಿ ಅದರ ಬಳಕೆ ಕಾನೂನು ವಿಧಿಸಿದಷ್ಟಕ್ಕೆ ಮಾತ್ರ ಕಡ್ಡಾಯವೆಂಬ ವಿನಾಯಿತಿಯೂ ಅದೇ ವಾಕ್ಯದಲ್ಲಿದೆ. ಇಂತಹ 'ಆದರೆ'ಗಳ ಮುಂದೆ ನಿಂತು ಓದುವುದು ವಕೀಲರ ಅಭ್ಯಾಸ.

ಧ್ವಜದಲ್ಲಿರುವ ಎಂಟು ಪಟ್ಟಿಗಳು ಎಂಟು ಮುಖ್ಯ ದ್ವೀಪಗಳಿಗೆ ಸಂಕೇತ. ಅದರ ಮೂಲೆಯಲ್ಲಿ ಇಂದಿಗೂ ಬ್ರಿಟನ್ನಿನ ಧ್ವಜದ ಗುರುತಿದೆ! ಧ್ಯೇಯವಾಕ್ಯವು ಹವಾಯಿ ಭಾಷೆಯಲ್ಲಿದ್ದು, ನಾಡಿನ ಜೀವ ಧರ್ಮದಿಂದ ಉಳಿಯುತ್ತದೆಂಬುದು ಅದರ ತಾತ್ಪರ್ಯ. ಬ್ರಿಟಿಷ್ ನೌಕಾಧಿಕಾರಿಯೊಬ್ಬನು ಕೆಲವು ತಿಂಗಳು ವಶಪಡಿಸಿಕೊಂಡಿದ್ದ ರಾಜ್ಯವು 1843ರಲ್ಲಿ ಮರಳಿ ದೊರೆತಾಗ ಮೂರನೆಯ ಕಮೆಹಮೆಹ ದೊರೆಯು ಆಡಿದ ಮಾತಿದೆಂದು ಪ್ರತೀತಿ. ರಾಜ್ಯಗೀತೆಯನ್ನು ರಚಿಸಿದವನೂ ಒಬ್ಬ ದೊರೆಯೇ, ಕಲಾಕೌವಾ.

ಇಷ್ಟೆಲ್ಲ ಗೌರವ ಪಡೆದ ಭಾಷೆಗೆ ಶಾಲೆಯ ಬಾಗಿಲು ಮುಚ್ಚಿತ್ತು. 1893ರಲ್ಲಿ ರಾಣಿ ಲಿಲಿಯುಕಲಾನಿಯನ್ನು ಪದಚ್ಯುತಗೊಳಿಸಿದವರ ಆಡಳಿತವು 1896ರಲ್ಲಿ, ಸರ್ಕಾರಿ ಹಾಗೂ ಖಾಸಗಿ ಶಾಲೆಗಳೆರಡರಲ್ಲೂ ಇಂಗ್ಲಿಷೇ ಬೋಧನಾಮಾಧ್ಯಮವೆಂದು ಶಾಸನ ಮಾಡಿತು. ಮನೆಯ ಮಾತನ್ನು ಶಾಲೆಯಲ್ಲಿ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಎರಡು ಮೂರು ತಲೆಮಾರುಗಳಲ್ಲಿ ಭಾಷೆಯು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿಯುವಂತಾಯಿತು. ನೀಹಾವು ಎಂಬ ಪುಟ್ಟ ದ್ವೀಪವೊಂದೇ ಇದಕ್ಕೆ ಅಪವಾದ. 1967ರಲ್ಲಿ ಕಲಾಕೌವಾನ ಗೀತೆಗೆ ರಾಜ್ಯಗೀತೆಯ ಪಟ್ಟ ದೊರೆತಾಗ, ಅದನ್ನು ಹಾಡುತ್ತಿದ್ದ ಮಕ್ಕಳಲ್ಲಿ ಅರ್ಥ ತಿಳಿದವರು ಎಷ್ಟು ಮಂದಿಯಿದ್ದರೋ!

ಅಧಿಕೃತ ಭಾಷೆಯ ಸ್ಥಾನ ಲಭಿಸಿದ್ದು 1978ರ ತಿದ್ದುಪಡಿಯಿಂದ. ಶಾಲೆ ಮಾತ್ರ ಅದರೊಡನೆ ತಾನಾಗಿ ಬರಲಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನರ ಮಾದರಿಯನ್ನು ಅನುಸರಿಸಿ ಪೋಷಕರೂ ಶಿಕ್ಷಕರೂ 1984ರಲ್ಲಿ ಕವಾಯಿ ದ್ವೀಪದಲ್ಲಿ 'ಪೂನಾನಾ ಲೆಯೊ' ಶಿಶುವಿಹಾರವನ್ನು ತೆರೆದರು. ಈ ಹೆಸರಿಗೆ ಮಾತಿನ ಗೂಡು ಎಂದರ್ಥ. ಹವಾಯಿ ಮಾಧ್ಯಮಕ್ಕಿದ್ದ ಕಾನೂನಿನ ಅಡ್ಡಿ ನಿವಾರಣೆಯಾದದ್ದು 1986ರಲ್ಲಿ. ಮರುವರ್ಷ ಸರ್ಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ಆರಂಭಗೊಂಡವು.

ನನ್ನ ಗಮನವನ್ನು ಹೆಚ್ಚು ಸೆಳೆದದ್ದು 2019ರ ತೀರ್ಪು. ಲಾನಾಯಿ ದ್ವೀಪದಲ್ಲಿರುವುದು ಒಂದೇ ಸರ್ಕಾರಿ ಶಾಲೆ. ಅಲ್ಲಿ ಹವಾಯಿ ಮಾಧ್ಯಮವಿರಲಿಲ್ಲ. ತನ್ನ ಇಬ್ಬರು ಹೆಣ್ಣುಮಕ್ಕಳಿಗಾಗಿ ತಾಯಿಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಅವರು ಆಧರಿಸಿದ್ದು ಅಧಿಕೃತ ಭಾಷೆಯ ಪ್ರಕರಣವನ್ನಲ್ಲ. ಹವಾಯಿ ಭಾಷೆ, ಸಂಸ್ಕೃತಿಗಳ ಅಧ್ಯಯನವನ್ನು ರಾಜ್ಯವು ಪೋಷಿಸತಕ್ಕದ್ದೆಂಬ, ಶಿಕ್ಷಣಕ್ಕೆ ಸಂಬಂಧಿಸಿದ 10ನೆಯ ಅನುಚ್ಛೇದದ 4ನೆಯ ಪ್ರಕರಣವನ್ನು. ಈ ಮಾಧ್ಯಮದ ಶಿಕ್ಷಣವು ಮಕ್ಕಳಿಗೆ ದೊರೆಯುವಂತೆ ಎಲ್ಲ ಯುಕ್ತ ಪ್ರಯತ್ನ ಮಾಡುವುದು ಸರ್ಕಾರದ ಸಾಂವಿಧಾನಿಕ ಕರ್ತವ್ಯವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆ ಒದಗಿಸಲು ರಾಜ್ಯವು 'ಪ್ರಯತ್ನಿಸತಕ್ಕದ್ದು' ಎನ್ನುವ ನಮ್ಮ 350ಎ ಅನುಚ್ಛೇದವನ್ನು ಬಲ್ಲ ಪೋಷಕರಿಗೆ ಆ ಪದದ ತೂಕ ತಿಳಿದೇ ಇದೆ. ಲಾನಾಯಿಗೂ ನ್ಯಾಯಾಲಯವು ಶಾಲೆಯನ್ನೇ ಕೊಡಲಿಲ್ಲ. ಸರ್ಕಾರವು ನಿಜಕ್ಕೂ ಪ್ರಯತ್ನಿಸಿದೆಯೇ ಎಂಬುದನ್ನು ವಿಚಾರಿಸಲೆಂದು ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿಸಿತು.